ಹಾಡಿಯ ಹೆಣ್ಣುಮಕ್ಕಳು ಮನೆಯೊಳಗಿನ ಹೊಡೆತದ ಮಾತೆತ್ತಿದಾಗ: ಕ್ಷೇತ್ರ ಕಾರ್ಯಕರ್ತರಿಗೊಂದು ಕೈಪಿಡಿ

ಮೈಸೂರು, ಕೊಡಗು, ಚಾಮರಾಜನಗರ ಜಿಲ್ಲೆಗಳ ಕಾಡಂಚಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಎರವ, ಸೋಲಿಗ ಕುಟುಂಬಗಳ ನಡುವೆ ಓಡಾಡುವ ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಆಪ್ತಸಮಾಲೋಚಕರು, ಸಂಘಸಂಸ್ಥೆಗಳ ಕಾರ್ಯಕರ್ತರಿಗಾಗಿ ಈ ಕೈಪಿಡಿ. ಪಟ್ಟಣದ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ತರಬೇತಿಗಳಲ್ಲಿ ಮೂರು ಮಾತು ಖಾಯಂ: ಅಪಾಯ ಕಂಡರೆ ರಾತ್ರಿಯೇ ಮನೆ ಬಿಡಿ, ಪೊಲೀಸರನ್ನು ಕರೆಯಿರಿ, ಮದುವೆಯ ದಾಖಲೆ ಜೋಪಾನವಾಗಿಡಿ. ಹಾಡಿಯಲ್ಲಿ, ಅಂದರೆ ಈ ಆದಿವಾಸಿಗಳ ಪುಟ್ಟ ವಸತಿಯಲ್ಲಿ, ಮೂರೂ ಕೈಕೊಡುತ್ತವೆ. ರಾತ್ರಿ ದಾರಿಯಲ್ಲಿ ಆನೆ ನಿಂತಿರುತ್ತದೆ, ಪೊಲೀಸ್ ಜೀಪು ಬಂದರೆ ಹಾಡಿಗೆ ಹಾಡಿಯೇ ಬಾಯಿ ಮುಚ್ಚಿಕೊಳ್ಳುತ್ತದೆ, ಮದುವೆಗೆ ಕಾಗದ ಅಂತ ಒಂದಿರುವುದೇ ಇಲ್ಲ.

ಹಾಗಂತ ಇಲ್ಲಿ ಬರೀ ಕೊರತೆಯಷ್ಟೇ ಇದೆ ಅಂದುಕೊಳ್ಳಬೇಡಿ. ಗಂಡನನ್ನು ಬಿಟ್ಟು ಬಂದ ಮಗಳನ್ನು ತವರು ಒಳಗೆ ಕರೆದುಕೊಳ್ಳುವುದು, ಆಕೆ ಇನ್ನೊಬ್ಬನ ಜೊತೆ ಬಾಳ್ವೆ ಮಾಡಿದರೆ ಅದನ್ನು ದೊಡ್ಡ ಕಳಂಕವೆಂದು ಎಣಿಸದಿರುವುದು, ಕುಲದ ಹಿರಿಯರ ಮಾತಿಗೆ ಇನ್ನೂ ತೂಕವಿರುವುದು, ಇವೆಲ್ಲ ಎಷ್ಟೋ ಬಯಲುಸೀಮೆಯ ಮನೆಗಳಲ್ಲಿ ಸಿಗದ ಆಸರೆಗಳು. ಕುಲದ ಈ ಆಸರೆಯನ್ನೂ ಕಾಯ್ದೆಯ ಕಾಗದವನ್ನೂ ಒಟ್ಟಿಗೆ ಬಳಸುವುದೇ ನಮ್ಮ ಕೆಲಸ. ಹಾಡಿ ಬೇಕೋ ರಕ್ಷಣೆ ಬೇಕೋ ಎಂದು ಆರಿಸಿಕೊಳ್ಳುವ ಇಕ್ಕಟ್ಟಿಗೆ ತಂದರೆ ಆಕೆ ಹಾಡಿಯನ್ನೇ ಆರಿಸಿಕೊಳ್ಳುತ್ತಾಳೆ, ಅಂದರೆ ಹೊಡೆತಕ್ಕೇ ವಾಪಸಾಗುತ್ತಾಳೆ.

ಹಾಡಿಗೆ ಕಾಲಿಡುವ ಮುನ್ನ

ಯಾರ ಮನೆ ಎಲ್ಲಿದೆ ಅನ್ನುವುದಕ್ಕಿಂತ ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ಮೊದಲು ತಿಳಿಯಿರಿ. ಸೋಲಿಗರಲ್ಲಿ ಒಂದೇ ಕುಲದೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಹೀಗಾಗಿ ಹೆಂಡತಿ ಯಾವಾಗಲೂ ಗಂಡನದಲ್ಲದ ಕುಲದವಳು. ಅದೇ ಪೋಡಿನಲ್ಲೋ (ಸೋಲಿಗರ ಹಾಡಿಗೆ ಪೋಡು ಎನ್ನುತ್ತಾರೆ) ಪಕ್ಕದ ಪೋಡಿನಲ್ಲೋ ಆಕೆಯ ಕುಲದ ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು ಇದ್ದೇ ಇರುತ್ತಾರೆ. ಹಾಡಿಯ ಮುಖ್ಯಸ್ಥನಾದ ಯಜಮಾನ ಯಾವ ಕುಲದವನು, ಗಂಡನಿಗೆ ಏನಾಗಬೇಕು, ಅಂಗನವಾಡಿ ಸಹಾಯಕಿ ಯಾರ ನಾದಿನಿ, ಆಶಾ ಯಾರ ಸೊಸೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಹಾಡಿಯಲ್ಲಿ ಕುಳಿತು ಬರೆಯಬೇಡಿ, ಕಚೇರಿಗೆ ಬಂದ ಮೇಲೆ ಬರೆಯಿರಿ. ಗುಟ್ಟು ಯಾರ ಹತ್ತಿರ ನಿಲ್ಲುತ್ತದೆ, ಯಾರಿಂದ ಸಂಜೆಯೊಳಗೆ ಗಂಡನ ಕಿವಿ ತಲುಪುತ್ತದೆ ಅನ್ನುವುದು ಆ ಹಾಳೆಯಲ್ಲೇ ಗೊತ್ತಾಗುತ್ತದೆ.

ಅರಣ್ಯ ಇಲಾಖೆಯ ಜೀಪಿನಲ್ಲಿ ಹೋಗಬೇಡಿ, ದಾರಿಯಲ್ಲಿ ಸಿಕ್ಕಿ ಹತ್ತಿಸಿಕೊಳ್ಳುತ್ತೇವೆಂದರೂ ಬೇಡ. ನಾಗರಹೊಳೆ, ಬಂಡೀಪುರದ ಒಳಗಿನಿಂದ ಎತ್ತಂಗಡಿಯಾದ ಕುಟುಂಬಗಳಿಗೆ ಸರ್ಕಾರಿ ಗಾಡಿಯ ನೆನಪು ಒಳ್ಳೆಯದಲ್ಲ. ಖಾಕಿ ಯಾವ ಇಲಾಖೆಯದು ಎಂದು ದೂರದಿಂದ ಯಾರೂ ವಿಚಾರಿಸುವುದಿಲ್ಲ. ಹೊಡೆತದ ವಿಚಾರಕ್ಕೆಂದೇ ಬಂದವರಾಗಿಯೂ ಕಾಣಿಸಿಕೊಳ್ಳಬೇಡಿ. ಮಕ್ಕಳ ತೂಕ ನೋಡುವ ದಿನ, ಚುಚ್ಚುಮದ್ದಿನ ದಿನ, ಪೌಷ್ಟಿಕ ಆಹಾರದ ಕಿಟ್ ಹಂಚುವ ದಿನ, ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಜೇನು, ಪಾಚಿ, ನೆಲ್ಲಿಕಾಯಿ ತರುವ ದಿನ ನೋಡಿಕೊಂಡು ಹೋಗಿ. ಎಲ್ಲ ಮನೆಯನ್ನೂ ಹೊಕ್ಕು ಬನ್ನಿ. ಒಂದೇ ಮನೆಯಲ್ಲಿ ಅರ್ಧ ಗಂಟೆ ಕೂತರೆ ಆ ಮನೆಯ ಮೇಲೆ ಕಣ್ಣು ಬೀಳುತ್ತದೆ.

ಮೊದಲ ಮಾತು

"ನಿಮ್ಮ ಮೇಲೆ ಕೌಟುಂಬಿಕ ದೌರ್ಜನ್ಯ ನಡೀತಿದೆಯಾ?" ಎಂದು ಕೇಳಿದರೆ ಉತ್ತರ "ಇಲ್ಲ" ಎಂದೇ. ಅದು ಸುಳ್ಳೂ ಅಲ್ಲ, ಪ್ರಶ್ನೆ ಆಕೆಯನ್ನು ಮುಟ್ಟಿಲ್ಲ ಅಷ್ಟೇ. ಜೇನುಕುರುಬರಿಗೂ ಎರವರಿಗೂ ಕಚೇರಿಯ ಕನ್ನಡ ಮನೆಮಾತಲ್ಲ. ಕಣ್ಣಿಗೆ ಕಾಣುವುದನ್ನು ಕೇಳಿ: "ಅಕ್ಕಾ, ಅವ್ರು ಕುಡ್ದು ಬಂದ್ ದಿನ ನೀವೂ ಮಕ್ಳೂ ಎಲ್ಲಿ ಮಲಗ್ತೀರಿ?" "ಕೂಲಿ ದುಡ್ಡು ಯಾರ ಕೈಗೆ ಕೊಡ್ತಾರೆ?" "ರೇಷನ್ ಅಕ್ಕಿ ತಿಂಗ್ಳು ಪೂರ್ತಿ ಬರುತ್ತಾ, ಮಧ್ಯದಲ್ಲಿ ಮಾರ್ತಾರಾ?" "ತವರಿಗೆ ಹೋಗಿ ಎಷ್ಟ್ ದಿನ ಆಯ್ತು?" ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹಬ್ಬಕ್ಕೂ ತವರಿಗೆ ಕಳಿಸದಿರುವುದು, ಪಕ್ಕದ ಹಾಡಿಯ ತಾಯಿಯ ಜೊತೆ ಮಾತಾಡಲು ಬಿಡದಿರುವುದು ಇಲ್ಲಿ ದೊಡ್ಡ ಅಪಾಯದ ಗುರುತು.

ಮಾತು ನಡೆಯಬೇಕಾದ್ದು ಕೆಲಸದ ಮಧ್ಯೆ. ಸೌದೆ ತರುವಾಗ, ನೀರಿಗೆ ಹೋಗುವಾಗ ಜೊತೆಗೆ ನಡೆಯುತ್ತಾ ಮಾತಾಡಿದರೆ ಎದುರುಬದುರು ಕೂತು ಕಣ್ಣಿಟ್ಟು ನೋಡುವ ಮುಜುಗರ ಇರುವುದಿಲ್ಲ. ಸುಮ್ಮನಿರುವುದು ಉತ್ತರ ಇಲ್ಲವೆಂದಲ್ಲ. ಎರಡು ಮೂರು ನಿಮಿಷದ ಮೌನವನ್ನು ಇನ್ನೊಂದು ಪ್ರಶ್ನೆಯಿಂದ ತುಂಬಬೇಡಿ. ಪುಸ್ತಕ, ಪೆನ್ನು, ಮೊಬೈಲು ಚೀಲದಲ್ಲೇ ಇರಲಿ.

ಭಾಷೆಗೆ ಆಸರೆ ಬೇಕಾದರೆ ಬೇರೆ ಹಾಡಿಯ, ಬೇರೆ ಕುಲದ, ಮಧ್ಯವಯಸ್ಸಿನ ಹೆಂಗಸೊಬ್ಬರನ್ನು ಕರೆದುಕೊಂಡು ಹೋಗಿ, ಆ ದಿನದ ಕೂಲಿಯನ್ನು ಅವರಿಗೆ ಕೊಡಿ. ಶಾಲೆಗೆ ಹೋಗುವ ಮಗಳು ಚೆನ್ನಾಗಿ ಕನ್ನಡ ಆಡುತ್ತಾಳೆಂದು ಆಕೆಯ ಬಾಯಲ್ಲಿ ಅಮ್ಮ ತಿಂದ ಹೊಡೆತವನ್ನು ಹೇಳಿಸಬೇಡಿ. ಇದು ಎಲ್ಲ ಕಡೆ ನಡೆಯುವ ತಪ್ಪು. ಆ ಮಗು ಮಾತನ್ನು ಮೆದುಗೊಳಿಸುತ್ತದೆ, ರಾತ್ರಿ ಅಪ್ಪನ ಕೈಯಲ್ಲಿ ಅದೂ ಪೆಟ್ಟು ತಿನ್ನುತ್ತದೆ.

ಹುಡುಗಿಗೆ 18 ತುಂಬಿಲ್ಲ ಅನ್ನಿಸಿದರೆ ಆಕೆ ಬಾಯಿ ಬಿಡುವ ಮೊದಲೇ ನಿಮ್ಮ ಮಿತಿಯನ್ನು ಹೇಳಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಓಡಿಹೋಗಿ ಬಂದು ಒಟ್ಟಿಗಿರುವುದನ್ನು ಹಿರಿಯರು ಒಪ್ಪಿಕೊಳ್ಳುವ ಸಮುದಾಯಗಳಲ್ಲಿ ಹದಿನಾರರ ಹುಡುಗಿ ಗರ್ಭಿಣಿಯಾದರೆ, ಗಂಡನನ್ನು ಹಿಡಿದುಕೊಂಡು ಹೋಗುತ್ತಾರೆಂಬ ಭಯಕ್ಕೆ ಆಸ್ಪತ್ರೆಯ ದಾರಿಯನ್ನೇ ಬಿಡುವ ಅಪಾಯವಿದೆ. ಹೀಗಿರುವಾಗ ಚಿಕಿತ್ಸೆಯನ್ನು ಮೊದಲು ಮಾಡಿಸಿ, ಮಕ್ಕಳ ಸಹಾಯವಾಣಿ 1098ಕ್ಕೂ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಮೊದಲ ದಿನವೇ ಜೊತೆಗಿಟ್ಟುಕೊಳ್ಳಿ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಟ್ಟು ಆಮೇಲೆ ಹೇಳಿದರೆ ಆ ಹಾಡಿಯ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ.

ಪೆಟ್ಟು ನೋಡುವುದು

ಒಂದು ಪ್ರಶ್ನೆಯನ್ನು ಪ್ರತಿಯೊಬ್ಬರಿಗೂ ಕೇಳಿ: "ಕತ್ತು ಹಿಸುಕಿದ್ರಾ?" ಕುತ್ತಿಗೆಗೆ ಕೈ ಹಾಕುವ ಗಂಡಸು ಮುಂದೆ ಕೊಲೆಗೂ ಹೇಸದವನಾಗುವ ಸಾಧ್ಯತೆ ಹೆಚ್ಚು. ಹೊರಗೆ ಗಾಯ ಕಾಣದಿರಬಹುದು. ದನಿ ಒಡೆದಿರುವುದು, ನುಂಗಲು ಕಷ್ಟ, ಕಣ್ಣಿನ ಬಿಳಿಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆಗಳು, ಆ ಹೊತ್ತಿನಲ್ಲಿ ಮೂತ್ರ ಹೋಗಿರುವುದು, ಪ್ರಜ್ಞೆ ತಪ್ಪಿದ ನೆನಪು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಎಷ್ಟೋ ದಿನದ ನಂತರ ಲಕ್ವ ಹೊಡೆಯಬಹುದು. ಗರ್ಭಿಣಿಯ ಹೊಟ್ಟೆಗೆ ಒದ್ದಿದ್ದರೂ ಇದೇ ಆತುರ.

ಈ ಭಾಗದ ಆದಿವಾಸಿಗಳಿಗೆ ಸಂಬಂಧಿಸಿದ, ಸಾಮಾನ್ಯ ಕೈಪಿಡಿಗಳಲ್ಲಿ ಸಿಗದ ಒಂದು ಸಂಗತಿ ಸಿಕಲ್ ಸೆಲ್ ರಕ್ತಹೀನತೆ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ಚಳಿಯಲ್ಲಿ ರಾತ್ರಿಯಿಡೀ ಮನೆ ಹೊರಗೆ ಕೂರುವುದು, ನೀರು ಕುಡಿಯದೆ ದೂರ ನಡೆಯುವುದು, ಪೆಟ್ಟು, ಭಯ, ಇವೆಲ್ಲ ಮೈಕೈ ಹಿಂಡುವ ನೋವನ್ನು ಎಬ್ಬಿಸುತ್ತವೆ. ಅದನ್ನು ಏಟಿನ ನೋವೆಂದು ತಿಳಿದು ನೋವಿನ ಮಾತ್ರೆ ಕೊಟ್ಟು ಕಳಿಸಿದರೆ ಜೀವಕ್ಕೆ ಸಂಚಕಾರ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಡಿ ರಕ್ತಪರೀಕ್ಷೆ ಆಗಿದ್ದರೆ ಆಕೆಯ ಬಳಿ ಕಾರ್ಡ್ ಇರುತ್ತದೆ, ಕೇಳಿ. ಆ ಕಾಯಿಲೆಗೆ ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ನುಂಗುತ್ತಿದ್ದರೆ ಅದು ತಪ್ಪಬಾರದು. ಕ್ಷಯದ ಮಾತ್ರೆಯೂ ಹಾಗೆಯೇ, ಕ್ಷಯರೋಗಿಯ ನೋಂದಣಿಯ ನಿಕ್ಷಯ್ ಸಂಖ್ಯೆ ಬರೆದುಕೊಂಡರೆ ತವರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಮುಂದುವರಿಸಬಹುದು.

ಆಸ್ಪತ್ರೆಯಲ್ಲಿ "ಬಿದ್ದು ಪೆಟ್ಟಾಯ್ತು" ಎಂದು ಬರೆಸಿದರೆ ಮುಂದೆ ಕೋರ್ಟಿನಲ್ಲಿ ಅದೇ ಅಡ್ಡ ಬರುತ್ತದೆ. ಆಕೆಯ ಒಪ್ಪಿಗೆಯಿದ್ದರೆ ಗಂಡ ಹೊಡೆದದ್ದು ಎಂದೇ ಆಸ್ಪತ್ರೆಯ ಕಾನೂನು ದಾಖಲೆಯಾದ ಎಂಎಲ್‌ಸಿ ಮಾಡಿಸಿ. ಪೊಲೀಸ್ ದೂರು ಬೇಡವೆಂದರೂ ಗಾಯದ ಜಾಗ, ಅಳತೆ, ಬಣ್ಣ ಹೊರರೋಗಿ ಚೀಟಿಯಲ್ಲಿ ದಾಖಲಾಗಲಿ. ಲೈಂಗಿಕ ಹಿಂಸೆಯಾಗಿದ್ದರೆ ಬಟ್ಟೆಯನ್ನು ತೊಳೆಯದೆ ಕಾಗದದಲ್ಲಿ ಸುತ್ತಿಡಿ, ಪ್ಲಾಸ್ಟಿಕ್‌ನಲ್ಲಿ ಇಟ್ಟರೆ ಬೆವತು ಸಾಕ್ಷ್ಯ ಕೆಡುತ್ತದೆ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು.

ಹೊರಡುವ ದಾರಿ

ಬಂಡೀಪುರದ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ನಾಗರಹೊಳೆಯೊಳಗಿನ ಮೈಸೂರು–ಮಾನಂದವಾಡಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಬಂದ್. ಎಷ್ಟೋ ಹಾಡಿಗಳಲ್ಲಿ ಸಂಜೆ ಬಸ್ಸು ಹೋಯಿತೆಂದರೆ ಮಾರನೆಯ ದಿನದವರೆಗೆ ದಾರಿಯಿಲ್ಲ. ಹಾಗಾಗಿ ಇಲ್ಲಿ ಎರಡು ಬೇರೆ ಬೇರೆ ಯೋಜನೆ ಬೇಕು, ಒಂದು ರಾತ್ರಿಗೆ, ಒಂದು ಹಗಲಿಗೆ.

ರಾತ್ರಿಯದು ಹಾಡಿಯೊಳಗೇ ಉಳಿಯುವ ಯೋಜನೆ. ಆಕೆಯ ಕುಲದವರ ಮನೆಯೋ, ಗಂಡನೂ ಅಂಜುವ ಅಜ್ಜಿಯೊಬ್ಬಳ ಮನೆಯೋ, ಒಟ್ಟಿನಲ್ಲಿ ಬಡಿದರೆ ತೆರೆಯುವ ಎರಡು ಬಾಗಿಲು ಮೊದಲೇ ಗೊತ್ತಾಗಿರಬೇಕು. ಒಂದೇ ಬಾಗಿಲನ್ನು ನಂಬಬೇಡಿ, ಕೂಲಿಯ ಹಂಗಾಮಿನಲ್ಲಿ ಮನೆಗೆ ಮನೆಯೇ ಕೊಡಗಿಗೆ ಹೋಗಿ ಬೀಗ ಬಿದ್ದಿರುತ್ತದೆ. ಕತ್ತಿ, ಕೊಡಲಿ, ಮಚ್ಚು ಸಂಜೆಯೊಳಗೆ ಮನೆಯಿಂದಾಚೆ ಸೇರಲಿ. ಫೋನಿನಲ್ಲಿ ನೆಟ್‌ವರ್ಕ್ ಇಲ್ಲವೆಂದು ಕಂಡರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುತ್ತದೆ. ಕರೆ ಮಾಡಿದಾಗ ಹಾಡಿಯ ಹೆಸರಿನ ಜೊತೆ ಗ್ರಾಮ ಪಂಚಾಯಿತಿ ಮತ್ತು ಹತ್ತಿರದ ಆಶ್ರಮ ಶಾಲೆಯ (ಆದಿವಾಸಿ ಮಕ್ಕಳ ಸರ್ಕಾರಿ ವಸತಿ ಶಾಲೆ) ಹೆಸರು ಹೇಳುವುದನ್ನು ಬಾಯಿಪಾಠ ಮಾಡಿಸಿ. ಒಂದೇ ಹೆಸರಿನ ಹಾಡಿಗಳು ಬೇರೆ ಬೇರೆ ಕಡೆ ಇರುತ್ತವೆ, ಗಾಡಿ ದಾರಿ ತಪ್ಪುತ್ತದೆ.

ಹಗಲಿನದು ಊರು ಬಿಡುವ ಯೋಜನೆ. ಸಂತೆಯ ದಿನ, ರೇಷನ್ ದಿನ, ಆಸ್ಪತ್ರೆಗೆ ಹೋಗುವ ದಿನ ಹೊರಟರೆ ಯಾರೂ ಯಾಕೆಂದು ಕೇಳುವುದಿಲ್ಲ. ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಆದರೆ ಗುರುತಿನ ಚೀಟಿ ತೋರಿಸಬೇಕು. ಹೆಂಡತಿ ಓಡಿಹೋದಾಳೆಂದು ಮೊದಲು ಬಚ್ಚಿಡುವ ಇಲ್ಲವೇ ಸುಡುವ ವಸ್ತು ಆಧಾರ್ ಕಾರ್ಡೇ. ಆದ್ದರಿಂದ ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಜಾಬ್ ಕಾರ್ಡ್, ತಾಯಿ ಕಾರ್ಡ್, ಅರಣ್ಯ ಹಕ್ಕುಪತ್ರ, ಸಿಕಲ್ ಸೆಲ್ ಕಾರ್ಡ್‌ಗಳ ನಕಲನ್ನು ಮುಂಚೆಯೇ ತೆಗೆಸಿ, ಎರಡು ಜೊತೆ ಬಟ್ಟೆ, 15 ದಿನದ ಮಾತ್ರೆಯ ಜೊತೆ ಮನೆಯಿಂದ ಹೊರಗೆ ಇಡಿಸಿ. ಅಂಗನವಾಡಿಯಲ್ಲಿ ಇಡುವ ಮುನ್ನ ಸಹಾಯಕಿ ಯಾರ ನೆಂಟಳೆಂದು ಮೊದಲು ಬರೆದ ನಂಟಿನ ಹಾಳೆಯನ್ನೊಮ್ಮೆ ನೋಡಿ.

ದುಡ್ಡಿನ ವಿಚಾರ. ಗೃಹಲಕ್ಷ್ಮಿಯ 2,000 ರೂಪಾಯಿ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಬರುತ್ತದೆ. ಗಂಡನ ಕೈಲಿರುವ ಪಾಸ್‌ಬುಕ್ಕಿಗಾಗಿ ಜಗಳ ಬೇಡ, ಅಂಚೆ ಕಚೇರಿಯಲ್ಲೋ ಬೇರೆ ಬ್ಯಾಂಕಿನಲ್ಲೋ ಹೊಸ ಖಾತೆ ತೆರೆದು ಆಧಾರ್ ಅಲ್ಲಿಗೆ ಜೋಡಿಸಿದರೆ ಸಾಕು. ಮೊಬೈಲ್ ನಂಬರನ್ನೂ ಬದಲಿಸಿ, ಇಲ್ಲದಿದ್ದರೆ ಓಟಿಪಿ ಗಂಡನ ಫೋನಿಗೇ ಹೋಗುತ್ತದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯಾಗಿದ್ದರೆ ಈ ಹಣ ಅತ್ತೆಗೇ. ಆಗ ಬೇರೆ ಕಾರ್ಡಿನ ಅರ್ಜಿಯನ್ನೇ ಮೊದಲು ಹಾಕಬೇಕು.

ಯಜಮಾನರ ಮುಂದೆ ಕೂರುವುದಾದರೆ

ಕೆಲವು ಸಂಸ್ಥೆಗಳು ಹಾಡಿಯ ನ್ಯಾಯವನ್ನು ಹತ್ತಿರ ಸೇರಿಸುವುದಿಲ್ಲ, ಇನ್ನು ಕೆಲವು ಎಲ್ಲವನ್ನೂ ಅದಕ್ಕೇ ಒಪ್ಪಿಸಿ ಕೈತೊಳೆದುಕೊಳ್ಳುತ್ತವೆ. ಎರಡೂ ತಪ್ಪು. ಹಿರಿಯರ ಮಾತು ಎಷ್ಟು ದೂರ ನಡೆಯುತ್ತದೆ ಅನ್ನುವುದು ಹಾಡಿಯಿಂದ ಹಾಡಿಗೆ, ಯಜಮಾನನಿಂದ ಯಜಮಾನನಿಗೆ ಬೇರೆ. ಕುಡಿತಕ್ಕೆ ತಾನೇ ಬಿದ್ದ ಯಜಮಾನನೂ ಇದ್ದಾನೆ, ಒಂದು ಗದರಿಕೆಗೆ ಹಾಡಿಯನ್ನೇ ಸುಮ್ಮನಾಗಿಸುವವನೂ ಇದ್ದಾನೆ.

ಆಕೆ ಬೇಡವೆಂದರೆ ಬೇಡ, ಅಲ್ಲಿಗೆ ಮುಗಿಯಿತು. ಬೇಕೆಂದರೆ ಈ ಷರತ್ತುಗಳನ್ನು ಮೊದಲೇ ಯಜಮಾನರ ಹತ್ತಿರ ಮಾತಾಡಿಕೊಳ್ಳಿ, ಸಭೆಯಲ್ಲಿ ಅಲ್ಲ: ಆಕೆಯ ಕುಲದಿಂದಲೂ ಹಿರಿಯರು ಇರಬೇಕು, ಇಬ್ಬರಾದರೂ ವಯಸ್ಸಾದ ಹೆಂಗಸರು ಕೂರಬೇಕು, ಗಂಡನ ಎದುರಿಗೆ ಆಕೆಯ ಬಾಯಿಂದ ಹೇಳಿಸಬಾರದು, ಕುಡಿದು ಬಂದವರಿಗೆ ಜಾಗವಿಲ್ಲ. ಮಾತು ತೆಗೆಯುವಾಗ "ನಿಮ್ಮ ಪದ್ಧತಿ ತಪ್ಪು" ಎಂದು ಶುರು ಮಾಡಿದರೆ ಸಭೆ ಅಲ್ಲಿಗೇ ಎದ್ದು ಹೋಗುತ್ತದೆ. "ಯಜಮಾನ್ರೇ, ನಿಮ್ ಹಿರಿಯರ ಕಾಲದಲ್ಲಿ ಹೆಣ್ಣಿನ್ ಮೇಲೆ ಕೈ ಮಾಡ್ದೋರಿಗೆ ಏನ್ ಮಾಡ್ತಿದ್ರು?" ಎಂದು ಕೇಳಿ. ತಪ್ಪುಕಾಣಿಕೆ, ದಂಡ, ಎಲ್ಲರೆದುರು ಕಾಲಿಗೆ ಬೀಳಿಸುವುದು ಎಂದು ಅವರೇ ಹೇಳತೊಡಗುತ್ತಾರೆ. ದಂಡದ ಹಣ ಸಭೆಯ ಹೆಂಡಕ್ಕೆ ಹೋಗದೆ ಆಕೆಯ ಕೈ ಸೇರಬೇಕೆಂದು ಅಲ್ಲೇ ಖಚಿತ ಮಾಡಿಕೊಳ್ಳಿ.

"ಮಾದಪ್ಪನಾಣೆ, ಇನ್ನು ಕುಡಿಯಲ್ಲ" ಎನ್ನುವ ಆಣೆಗೆ ಬೆಲೆಯಿದೆ, ಲಘುವಾಗಿ ಕಾಣಬೇಡಿ. ಆದರೆ ಆಣೆ ಮುರಿದರೆ ಏನು ಎಂಬುದನ್ನು ಅದೇ ಸಭೆಯಲ್ಲಿ ತೀರ್ಮಾನ ಮಾಡಿಸಿ: ಆ ದಿನವೇ ಆಕೆ ತವರಿಗೆ, ಮಕ್ಕಳು ಆಕೆಯ ಜೊತೆ, ಯಾರೂ ತಡೆಯಕೂಡದು. ಇದನ್ನು ಕಾಗದದ ಮೇಲೆ ಬರೆದು ಎರಡೂ ಕಡೆಯ ಹಿರಿಯರ ಹೆಬ್ಬೆಟ್ಟು ಹಾಕಿಸಿ. ಆ ಕಾಗದದಲ್ಲಿ "ಮುಂದೆ ಪೊಲೀಸಿಗಾಗಲಿ ಕೋರ್ಟಿಗಾಗಲಿ ಹೋಗುವುದಿಲ್ಲ" ಎಂಬ ಸಾಲು ನುಸುಳದಂತೆ ನೋಡಿಕೊಳ್ಳಿ. ಮೂಳೆ ಮುರಿದಿದ್ದರೆ, ಕತ್ತು ಹಿಸುಕಿದ್ದರೆ, ಮಗುವಿನ ಮೇಲೆ ಕೈಮಾಡಿದ್ದರೆ, ಲೈಂಗಿಕ ಹಿಂಸೆಯಾಗಿದ್ದರೆ ಹಾಡಿಯ ನ್ಯಾಯ ಸಾಲದು, ಹಿರಿಯರಿಗೂ ಅದನ್ನು ಗೌರವದಿಂದಲೇ ತಿಳಿಸಿ.

ಮದುವೆಯ ಕಾಗದವಿಲ್ಲದೆ ಕಾಯ್ದೆ ಹಿಡಿಯುವುದು

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಗೆ ಜಾತಿ, ಧರ್ಮ, ಬುಡಕಟ್ಟಿನ ಭೇದವಿಲ್ಲ. ಲಗ್ನಪತ್ರಿಕೆ, ಫೋಟೋ, ನೋಂದಣಿ ಯಾವುದೂ ಇಲ್ಲದ, ಕಾಡಿಗೆ ಓಡಿಹೋಗಿ ಬಂದು ಹಿರಿಯರು ಒಪ್ಪಿದ ಸಂಬಂಧವೂ ಅದರ ವ್ಯಾಪ್ತಿಯೊಳಗೆ ಬರುತ್ತದೆ, ಮದುವೆಯ ಸ್ವರೂಪದ ಸಂಬಂಧವನ್ನೂ ಕಾಯ್ದೆ ಹೇಳುತ್ತದೆ. ರೇಷನ್ ಕಾರ್ಡು, ತಾಯಿ ಕಾರ್ಡಿನಲ್ಲಿರುವ ಗಂಡನ ಹೆಸರು, ಮಕ್ಕಳ ಶಾಲಾ ದಾಖಲಾತಿ, ಜಾಬ್ ಕಾರ್ಡು, ಹಿರಿಯರಿಬ್ಬರ ಪ್ರಮಾಣಪತ್ರ ಸಾಕ್ಷಿಯಾಗುತ್ತವೆ. ವೃದ್ಧಾಪ್ಯ ಪಿಂಚಣಿಗಾಗಿ ತಾಯಿಯನ್ನು ಬಡಿಯುವ ಮಗನ ಮೇಲೂ ಇದೇ ಕಾಯ್ದೆ ಚಲಾವಣೆಯಾಗುತ್ತದೆ. ಇದು ಬಹಳ ಮಂದಿಗೆ ಹೊಳೆಯುವುದಿಲ್ಲ.

ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಮಾಹಿತಿಯನ್ನು ಯಾರು ಬೇಕಾದರೂ ಕೊಡಬಹುದು, ಒಳ್ಳೆಯ ಉದ್ದೇಶದಿಂದ ಕೊಟ್ಟವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ಸಂರಕ್ಷಣಾಧಿಕಾರಿ ನಮೂನೆ 1ರಲ್ಲಿ ಘಟನಾ ವರದಿ ಬರೆಯುತ್ತಾರೆ. ನಮೂನೆ 2 ಮ್ಯಾಜಿಸ್ಟ್ರೇಟರಿಗೆ ಅರ್ಜಿ, ನಮೂನೆ 3 ತುರ್ತು ಆದೇಶಕ್ಕೆ ಪ್ರಮಾಣಪತ್ರ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ತೀರ್ಪು 60 ದಿನದೊಳಗೆ ಕೊಡಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ತಿಂಗಳುಗಳೇ ಹಿಡಿಯುವುದುಂಟು, ಅದಕ್ಕೇ 23ನೇ ಕಲಂನ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಿ. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಕೆ ತವರಿನಲ್ಲಿ ತಾತ್ಕಾಲಿಕವಾಗಿ ಇದ್ದರೂ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ನಡೆಯುತ್ತದೆ.

ವರದಿ ಬಿದ್ದುಹೋಗುವುದು ಸಣ್ಣ ಸಣ್ಣ ಕಡೆ. ಆಧಾರಿನಲ್ಲಿ ಒಂದು ಹೆಸರು, ಹಾಡಿಯಲ್ಲಿ ಒಂದು ಹೆಸರು. ಎರಡನ್ನೂ ಅಲಿಯಾಸ್ ಹಾಕಿ ಬರೆಯಿರಿ. ಆಧಾರಿನ ವಯಸ್ಸು ಬಹುಪಾಲು ಅಂದಾಜಿನ ಜನವರಿ 1ರ ಲೆಕ್ಕದ್ದು, ಅದನ್ನೇ ನಂಬಿ ಬಾಲ್ಯವಿವಾಹದ ತಕರಾರು ಎಬ್ಬಿಸಿಕೊಳ್ಳುವ ಮುನ್ನ ಶಾಲಾ ದಾಖಲೆ ನೋಡಿ. ತಾರೀಖು ಕೇಳಿದರೆ ಆಕೆ ಗೊತ್ತಿಲ್ಲ ಎನ್ನುತ್ತಾಳೆ, ಅಧಿಕಾರಿ ಖಾಲಿ ಬಿಡುತ್ತಾರೆ, ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ. ಬದಲಿಗೆ ಸೋಲಿಗರ ರೊಟ್ಟಿಹಬ್ಬದ ಮುಂಚೆಯೋ ಆಮೇಲೋ, ಕಾಫಿ ಕೊಯ್ಲಿನ ಹೊತ್ತೋ, ಜೇನಿನ ಹಂಗಾಮೋ, ಕೊನೆಯ ಮಗು ಎದೆಹಾಲು ಕುಡಿಯುತ್ತಿತ್ತೋ ಎಂದು ಕೇಳಿ ತಿಂಗಳನ್ನು ಹಿಡಿಯಿರಿ. ಹೆಬ್ಬೆಟ್ಟು ಒತ್ತಿಸುವ ಮೊದಲು ಆಕೆಯ ನುಡಿಯಲ್ಲಿ ಓದಿ ಹೇಳಿದವರ ಹೆಸರು ಕೆಳಗೆ ಬರಲಿ. ಗಂಡ ಶುಂಠಿ ಹೊಲಕ್ಕೋ ತೋಟಕ್ಕೋ ಹೋಗಿದ್ದರೆ ನೋಟಿಸು ತಲುಪದೆ ವಾಪಸು ಬರುತ್ತದೆ. ಕರೆದೊಯ್ದ ಮೇಸ್ತ್ರಿಯ ಹೆಸರು, ಫೋನು ಅರ್ಜಿಯಲ್ಲೇ ಇರಲಿ.

ಪರಿಶಿಷ್ಟ ಪಂಗಡಕ್ಕೆಂದೇ ಕೆಲವು ತಿರುವುಗಳಿವೆ, ವಕೀಲರೂ ಎಡವುವ ಜಾಗ. 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1956ರ ಉತ್ತರಾಧಿಕಾರ ಕಾಯ್ದೆ, ಎರಡೂ ತಮ್ಮ 2(2)ನೇ ಕಲಂ ಪ್ರಕಾರ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನದ ಅರ್ಜಿ ಹಾಕಿದರೆ ವರ್ಷ ಕಳೆದು ವಜಾ ಆಗಬಹುದು. ಗಂಡಹೆಂಡಿರ ಬಿಡುಗಡೆ ಅವರ ಸಮುದಾಯದ ಪದ್ಧತಿಯ ಪ್ರಕಾರ ಆಗಬೇಕು, ಹಿರಿಯರ ಬರಹ ಅಲ್ಲಿ ಬೇಕು. ಆಕೆ ಎರಡನೆಯ ಹೆಂಡತಿಯಾಗಿದ್ದರೆ, ಆ ಮದುವೆ ತಮ್ಮ ಪದ್ಧತಿಯಲ್ಲಿ ಒಪ್ಪಿತವೆಂಬುದನ್ನು ಅರ್ಜಿಯಲ್ಲೇ ಬರೆದು ಸಾಕ್ಷಿ ಕೊಡಿ. ಬರೆಯದಿದ್ದರೆ ಸಂಬಂಧವೇ ಮಾನ್ಯವಲ್ಲವೆಂಬ ವಾದ ಬರುತ್ತದೆ, ಪದ್ಧತಿ ಇದೆ ಎಂದರೆ ಸಾಲದು, ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಜೀವನಾಂಶಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಎಲ್ಲರಿಗೂ ಇದೆ.

1989ರ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಆದಿವಾಸಿ ಗಂಡನ ಮೇಲೆ ಹಾಕಲು ಬರುವುದಿಲ್ಲ, ಆರೋಪಿ ಪರಿಶಿಷ್ಟ ಜಾತಿ, ಪಂಗಡದವನಲ್ಲದಿದ್ದರೆ ಮಾತ್ರ ಅದು ನಿಲ್ಲುತ್ತದೆ. ಗಂಡ ಹೊರಗಿನವನಾಗಿದ್ದರೆ, ಅಥವಾ ತೋಟದ ಕೂಲಿಗಳ ಸಾಲುಮನೆಯಾದ ಲೈನ್ ಮನೆಯ ಹೆಂಗಸಿನ ಮೇಲೆ ಎಸ್ಟೇಟಿನವರು ಕೈಮಾಡಿದ್ದರೆ ಪರಿಶೀಲಿಸಿ, ಜಾತಿ ಪ್ರಮಾಣಪತ್ರ ಅಲ್ಲಿ ಮೊದಲು ಬೇಕಾಗುತ್ತದೆ.

ಇನ್ನು ಭೂಮಿ. 2006ರ ಅರಣ್ಯ ಹಕ್ಕು ಕಾಯ್ದೆಯ 4(4)ನೇ ಕಲಂ ಪ್ರಕಾರ ಹಕ್ಕುಪತ್ರ ಗಂಡಹೆಂಡಿರ ಜಂಟಿ ಹೆಸರಿನಲ್ಲಿರಬೇಕು, ಅದನ್ನು ಮಾರುವಂತಿಲ್ಲ. ಪತ್ರದಲ್ಲಿ ಗಂಡನ ಹೆಸರೊಂದೇ ಇದ್ದರೆ ಅರಣ್ಯ ಹಕ್ಕು ಸಮಿತಿಗೂ ಉಪವಿಭಾಗ ಸಮಿತಿಗೂ ತಿದ್ದುಪಡಿಗೆ ಬರೆದುಕೊಡಿ. "ಜಾಗ ನನ್ನದು, ಹೊರಡು" ಎನ್ನುವ ಗಂಡನಿಗೆ ಇದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ.

ಬಹಳಷ್ಟು ಹೆಂಗಸರಿಗೆ ಗಂಡ ಜೈಲಿಗೆ ಹೋಗುವುದು ಬೇಕಿಲ್ಲ, ಹೊಡೆತ ನಿಲ್ಲಬೇಕು. ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಕ್ರಿಮಿನಲ್ ದಾರಿ, ಸಂರಕ್ಷಣಾ ಕಾಯ್ದೆ ಆದೇಶದ ದಾರಿ ಎಂದು ವ್ಯತ್ಯಾಸ ಬಿಡಿಸಿ ಹೇಳಿ, ಆಯ್ಕೆ ಆಕೆಗೆ ಬಿಡಿ. ವಕೀಲರ ಫೀಸಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಗೂ ಪರಿಶಿಷ್ಟ ಪಂಗಡದವರಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಸಂಖ್ಯೆ 15100.

ಲೈನ್ ಮನೆ, ಮುಂಗಡ

ಕಾಫಿ ತೋಟದ ಲೈನ್ ಮನೆಯಲ್ಲಿ ಗಂಡನನ್ನು ಬಿಡುವುದೆಂದರೆ ಮನೆ, ಕೂಲಿ, ಎರಡನ್ನೂ ಒಟ್ಟಿಗೆ ಬಿಡುವುದು. ಮುಂಗಡ ಪಡೆದವನು ಗಂಡ, ತೀರಿಸಲು ದುಡಿಯುವವಳು ಹೆಂಡತಿ. ಸಾಲ ತೀರುವ ತನಕ ಹೋಗಕೂಡದೆಂದು ತಡೆದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಬರುವ ವಿಚಾರ, ಉಪವಿಭಾಗಾಧಿಕಾರಿಗೆ ಲಿಖಿತವಾಗಿ ಕೊಡಿ. ಎಸ್ಟೇಟಿನ ಮನೆಯಿಂದ ಗಂಡನನ್ನು ಹೊರಹಾಕಿಸುವ ಆದೇಶಕ್ಕೆ ಹಟ ಹಿಡಿಯುವುದಕ್ಕಿಂತ ಸಂರಕ್ಷಣಾ ಕಾಯ್ದೆಯ 19ನೇ ಕಲಂ ಅಡಿ ಬೇರೆ ವಸತಿ ಅಥವಾ ಬಾಡಿಗೆ ಕೇಳುವುದು ವಾಸಿ. ಬಾಕಿ ಕೂಲಿಯ ಲೆಕ್ಕವನ್ನು ಹೊರಡುವ ಮೊದಲೇ ಬರೆದುಕೊಳ್ಳಿ, ಹೊರಟ ಮೇಲೆ ಅದು ಸಿಕ್ಕುವುದು ಕಷ್ಟ.

ವಸತಿ ಕೇಂದ್ರ ಮತ್ತು ಮಕ್ಕಳು

ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ 5 ದಿನದವರೆಗೆ ತಂಗಬಹುದು, ಸಹಾಯವಾಣಿ 181. ಹೆಣ್ಣುಮಕ್ಕಳನ್ನು ಜೊತೆಗೆ ಸೇರಿಸುತ್ತಾರೆ, ಗಂಡುಮಕ್ಕಳಿಗೆ ವಯಸ್ಸಿನ ಮಿತಿಯಿದೆ. ಆ ಮಿತಿ ದಾಟಿದ ಮಗನಿದ್ದರೆ ಅವನನ್ನು ಎಲ್ಲಿ ಬಿಡುವುದೆಂದು ಹೊರಡುವ ಮುನ್ನವೇ ಗೊತ್ತಿರಬೇಕು, ಬಾಗಿಲಲ್ಲಿ ನಿಂತು ಗೊತ್ತಾದರೆ ಆಕೆ ಅಲ್ಲಿಂದಲೇ ತಿರುಗುತ್ತಾಳೆ. ಹೆಚ್ಚು ದಿನಕ್ಕಾದರೆ ಶಕ್ತಿ ಸದನ, ಹಿಂದೆ ಸ್ವಾಧಾರ ಗೃಹವೆನ್ನುತ್ತಿದ್ದುದು.

ಬಾಗಿಲು ಹಾಕಿದ ಕಟ್ಟಡದಲ್ಲಿ, ಬಯಲಿಗೆ ಹೋಗಲು ಅಪ್ಪಣೆ ಕೇಳುತ್ತ, ನೆಂಟರನ್ನು ನೋಡದೆ, ಎಲೆಅಡಿಕೆಗೂ ತಡೆಯಿರುವ ಜಾಗದಲ್ಲಿ ಹಾಡಿಯ ಹೆಂಗಸು ಬಹಳ ದಿನ ನಿಲ್ಲುವುದಿಲ್ಲ. ಆಮೇಲೆ ಕಡತದಲ್ಲಿ "ಸಹಕರಿಸಲಿಲ್ಲ" ಎಂಬ ಷರಾ ಬೀಳುತ್ತದೆ. ಮೇಲ್ವಿಚಾರಕಿಯ ಜೊತೆ ಮೊದಲೇ ಮಾತಾಡಿ: ಮುದ್ದೆ ಸಿಗುವಂತೆ, ಸಂಜೆ ಅಂಗಳದಲ್ಲಿ ಕೂರಲು ಬಿಡುವಂತೆ, ಅವ್ವನೋ ಅಕ್ಕನೋ ಎರಡನೆಯ ದಿನವೇ ಬಂದು ಹೋಗುವಂತೆ. ಅಪಾಯ ಕಡಿಮೆಯಿದ್ದರೆ ಗಂಡನ ಕುಲದವರಿಲ್ಲದ ಬೇರೆ ಹಾಡಿಯ ನೆಂಟರ ಮನೆಯೇ ಒಳ್ಳೆಯದು. ಆ ಮನೆಗೆ ತಿಂಗಳ ಅಕ್ಕಿ, ರಾಗಿಯ ಭಾರ ಬೀಳದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.

ಮಕ್ಕಳು ಆಶ್ರಮ ಶಾಲೆಯಲ್ಲಿದ್ದರೆ ಮುಖ್ಯಶಿಕ್ಷಕರಿಗೆ ಅದೇ ದಿನ ಬರೆದುಕೊಡಿ: ಯಾರು ಬಂದರೆ ಮಗುವನ್ನು ಕಳಿಸಬಹುದು, ಯಾರು ಬಂದರೆ ಕಳಿಸಕೂಡದು. ಹೆಂಡತಿ ಸಿಗದಿದ್ದಾಗ ಗಂಡ ಮೊದಲು ಹೋಗುವುದು ಶಾಲೆಗೇ. ಸಂರಕ್ಷಣಾ ಕಾಯ್ದೆಯ 21ನೇ ಕಲಂ ಅಡಿ ತಾತ್ಕಾಲಿಕ ಸುಪರ್ದಿ ಸಿಕ್ಕಿದ್ದರೆ ಆದೇಶದ ನಕಲು ಅಲ್ಲಿರಲಿ.

ಕುಡಿತ ಬಿಡಿಸುವ ಮಾತು

ಕುಡಿತವೇ ಎಲ್ಲಕ್ಕೂ ಕಾರಣ ಎನ್ನುವುದು ಸುಲಭ, ಗಂಡನಿಗೂ ಅನುಕೂಲ. ಅದೇ ಮನುಷ್ಯ ಮೇಸ್ತ್ರಿಯ ಮುಂದೆ, ಅರಣ್ಯದವರ ಮುಂದೆ ಕುಡಿದಿದ್ದರೂ ಕೈ ಎತ್ತುವುದಿಲ್ಲ ಎಂಬುದನ್ನು ಅವನಿಗೇ ಕೇಳಬೇಕು. ಚಿಕಿತ್ಸೆ ಬೇಕು, ನಿಜ. ಆದರೆ ದಿನವೂ ಕುಡಿಯುವವನನ್ನು ಆಣೆ ಹಾಕಿಸಿ ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ. ಮೊದಲ ಮೂರು ನಾಲ್ಕು ದಿನದೊಳಗೆ ಕೈನಡುಕ, ಜ್ವರ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಿ ಜೀವವೇ ಹೋಗಬಹುದು, ಭ್ರಮೆಯಲ್ಲಿ ಮತ್ತೆ ಹೆಂಡತಿಯ ಮೇಲೆ ಬೀಳಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ದಾಖಲಿಸಿಯೇ ಬಿಡಿಸಬೇಕು. ಆ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕಾವಲು ಕೂರುವ ಕೆಲಸ ಹೆಂಡತಿಯ ಮೇಲೆ ಬೀಳದಿರಲಿ, ಅವನ ಅಣ್ಣತಮ್ಮಂದಿರನ್ನು ಒಪ್ಪಿಸಿ.

ಆಮೇಲಿನ ದಿನಗಳು

ಬಿಟ್ಟು ಹೋದ ನಂತರದ ವಾರಗಳೇ ಹೆಚ್ಚು ಅಪಾಯದವು. ಮೊದಲ ವಾರದಲ್ಲಿ ಎರಡು ಸಲ, ಆಮೇಲೆ ಮೂರು ತಿಂಗಳವರೆಗೆ ವಾರಕ್ಕೊಮ್ಮೆಯಾದರೂ ಯಾವುದಾದರೂ ನೆಪದಲ್ಲಿ ಕಂಡು ಬನ್ನಿ. ಕೋರ್ಟಿನ ತಾರೀಖಿನ ಹಿಂದಿನ ದಿನ ಫೋನು ಮಾಡಿ, ಕಾಡಿನ ಬಸ್ಸು ತಪ್ಪಿದರೆ ಅರ್ಜಿ ವಜಾ ಆಗಬಹುದು. ದೂರದ ಹಾಡಿಯವರಾದರೆ ಹಿಂದಿನ ರಾತ್ರಿಯೇ ತಾಲ್ಲೂಕಿನಲ್ಲಿ ತಂಗುವ ಏರ್ಪಾಡು ಮಾಡಿ. ಆಕೆ ಗಂಡನ ಮನೆಗೆ ವಾಪಸಾದರೆ ಬೈಯಬೇಡಿ, ಕಡತ ಮುಚ್ಚಬೇಡಿ. ಬಟ್ಟೆ, ದಾಖಲೆಯ ಚೀಲ ಇಟ್ಟ ಜಾಗ ಬದಲಿಸಿ, ಎರಡು ಬಾಗಿಲುಗಳನ್ನು ಮತ್ತೊಮ್ಮೆ ಮಾತಾಡಿಸಿ, ಹೊಸ ಖಾತೆಯ ಪಾಸ್‌ಬುಕ್ ತವರಲ್ಲೇ ಇರಲು ಹೇಳಿ.